ಸ್ಟುಡಿಯೋ ಆಮೇಲೆ, ಮೊದಲು ರೆಕಾರ್ಡರ್ ಹಿಡಿದು ಊರಿಗೆ ಹೋಗಿ

ಮೇಡಂ, ನಮ್ಮ ಸಮುದಾಯ ರೇಡಿಯೋ ಕೇಂದ್ರಕ್ಕೆ ಸರ್ಕಾರದಿಂದ ಎಲ್‌ಒಐ (ಪ್ರಾಥಮಿಕ ಒಪ್ಪಿಗೆ ಪತ್ರ) ಬಂದಿದೆ, ನಾಲ್ಕೂ ಗೋಡೆಗೆ ಫೋಮ್, ಎರಡು ಕಂಡೆನ್ಸರ್ ಮೈಕ್, 16 ಚಾನೆಲ್ ಮಿಕ್ಸರ್ ಆರ್ಡರ್ ಮಾಡಿದ್ದೇವೆ ಎಂದು ಬರೆದಿದ್ದೀರಿ. ಕಾರ್ಯಕ್ರಮದ ವಿಷಯ ಟ್ರಾನ್ಸ್‌ಮಿಟರ್ ಬಂದ ಮೇಲೆ ನೋಡುತ್ತೇವೆ, ಮೊದಮೊದಲು ಸಿನಿಮಾ ಹಾಡು ಹಾಕಿ ನಡೆಸಬಹುದಾ ಅಂತಲೂ ಕೇಳಿದ್ದೀರಿ. ಓದಿ ಸುಮ್ಮನಿರಲು ಆಗಲಿಲ್ಲ. ನಮ್ಮ ಕೇಂದ್ರದಲ್ಲೂ ಇದೇ ಕ್ರಮದಲ್ಲಿ ಹೋಗಿದ್ದೆವು. ರೂಮು ರೆಡಿ, ಪ್ರಸಾರ ಮಾಡಲು ಏನೂ ಇಲ್ಲ.

ಸ್ವಲ್ಪ ಲೆಕ್ಕ ಹಾಕಿ. ದಿನಕ್ಕೆ ನಾಲ್ಕು ಗಂಟೆ ಪ್ರಸಾರ ಎಂದರೆ ತಿಂಗಳಿಗೆ 120 ಗಂಟೆ. ಅರ್ಧ ಮರುಪ್ರಸಾರ ಮಾಡಿದರೂ 60 ಗಂಟೆ ಹೊಸದು ಬೇಕು. ಅರ್ಧ ಗಂಟೆಯ ಒಂದು ಕಾರ್ಯಕ್ರಮ ಎಡಿಟ್ ಮಾಡಲು ಹೊಸಬರಿಗೆ ಇಡೀ ದಿನ ಹಿಡಿಯುತ್ತದೆ. ಇಬ್ಬರು ಹುಡುಗರನ್ನು ಇಟ್ಟುಕೊಂಡು ಎಲ್ಲಿಂದ ತರುತ್ತೀರಿ? ಕನಿಷ್ಠ ಶೇ. 50ರಷ್ಟು ಕಾರ್ಯಕ್ರಮದಲ್ಲಿ ಸ್ಥಳೀಯರೇ ಪಾಲ್ಗೊಂಡಿರಬೇಕು ಎಂದು ಮಾರ್ಗಸೂಚಿಯಲ್ಲೇ ಇದೆ. ಸಿನಿಮಾ ಹಾಡಿಗೆ ರಾಯಲ್ಟಿ ಬೇರೆ ಕಟ್ಟಬೇಕು. ಅದಕ್ಕಿಂತ ಮುಖ್ಯವಾಗಿ, ಹಾಡು ಬೇಕಾದವರ ಹತ್ತಿರ ಮೊಬೈಲ್ ಇದೆ. ಅವರು ನಿಮ್ಮ ಸ್ಟೇಷನ್ ಯಾಕೆ ಹಾಕುತ್ತಾರೆ? ಪಕ್ಕದ ಮನೆಯ ಅಕ್ಕನ ದನಿ ಬಂದರೆ ಮಾತ್ರ ಹಾಕುತ್ತಾರೆ.

ಹಾಗಾಗಿ ಈಗಲೇ ಒಂದು ಕೈ ರೆಕಾರ್ಡರ್ ತೆಗೆದುಕೊಂಡು ಊರಿಗೆ ಇಳಿಯಿರಿ. ಜೂಮ್ ಎಚ್‌1ಎನ್ ಥರದ ಚಿಕ್ಕದು ಸಾಕು. ನಿಮ್ಮದೂ ಅಡಿಕೆ ಸೀಮೆ ಅಲ್ವಾ? ನನಗೆ ಅಡಿಕೆ ಸುಲಿಯುವ ಚಪ್ಪರಕ್ಕಿಂತ ಒಳ್ಳೆಯ ಸ್ಟುಡಿಯೋ ಇದುವರೆಗೆ ಸಿಕ್ಕಿಲ್ಲ. ಸಂಜೆ ಮೇಲೆ ಏಳೆಂಟು ಹೆಂಗಸರು ಮೆಟ್ಟುಗತ್ತಿ ಹಾಕಿಕೊಂಡು ಕೂತಿರುತ್ತಾರೆ. ಕೈ ಕೆಲಸದಲ್ಲಿ ಇದ್ದರೆ ಬಾಯಿ ತಾನಾಗಿ ಬಿಚ್ಚುತ್ತದೆ. ಕೊಳೆರೋಗದ ಮಾತು, ಹೆರಿಗೆಗೆ ಆಸ್ಪತ್ರೆ ದೂರವಾದ ಮಾತು, ನಡುವೆ ಯಾರೋ ಒಬ್ಬರು ಸೋಬಾನೆ ಎತ್ತಿಕೊಳ್ಳುತ್ತಾರೆ. ಇದೇ ಹೆಂಗಸರಲ್ಲಿ ಒಬ್ಬರನ್ನು ನಮ್ಮ ಫೋಮ್ ಹೊಡೆದ ರೂಮಿಗೆ ಕರೆತಂದು ತಿರುಗುವ ಕುರ್ಚಿ ಮೇಲೆ ಕೂರಿಸಿದಾಗ ‘ಹೌದು’, ‘ಇಲ್ಲ’, ‘ನೀವೇ ಹೇಳಿ’ ಬಿಟ್ಟು ಬೇರೆ ಮಾತೇ ಬರಲಿಲ್ಲ. ಸೆರಗು ಸರಿ ಮಾಡಿಕೊಳ್ಳುತ್ತಾ ಗಾಜಿನ ಆಚೆ ಇದ್ದ ನಮ್ಮನ್ನೇ ನೋಡುತ್ತಿದ್ದರು. ಆ ರೆಕಾರ್ಡಿಂಗ್ ಬಳಸಲಾಗಲಿಲ್ಲ. ತಪ್ಪು ಅವರದಲ್ಲ, ರೂಮಿನದು.

ಚಪ್ಪರದಲ್ಲಿ ಮಾಡುವಾಗ ರೆಕಾರ್ಡರನ್ನು ನೆಲಕ್ಕೆ ಇಡಬೇಡಿ, ಕತ್ತಿ ಹೊಡೆತದ ಸದ್ದೆಲ್ಲ ಅದಕ್ಕೇ ಹೋಗುತ್ತದೆ. ಬುಟ್ಟಿ ಬೋರಲು ಹಾಕಿ, ಮೇಲೆ ಟವೆಲ್ ಮಡಚಿ, ಅದರ ಮೇಲೆ ಇಡಿ. ಒಬ್ಬರನ್ನೇ ಮಾತಾಡಿಸುವಾಗ ಮೈಕ್ ಅವರ ಕೈಗೆ ಕೊಡಬೇಡಿ. ಬಳೆ ಸದ್ದು ಬಂದರೆ ಎಡಿಟಿಂಗ್‌ನಲ್ಲಿ ತೆಗೆಯಲು ಆಗುವುದಿಲ್ಲ. ನೀವೇ ಹಿಡಿಯಿರಿ, ಬಾಯಿಂದ ಒಂದು ಗೇಣು ದೂರ. ಕೋಳಿ ಕೂಗಲಿ, ಪರವಾಗಿಲ್ಲ. ಪಂಪ್‌ಸೆಟ್, ಮಿಕ್ಸಿ, ಫ್ರಿಜ್ ಮಾತ್ರ ಬೇಡ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಪ್ರಯತ್ನವನ್ನೇ ಮಾಡಬೇಡಿ. ಪ್ರಶ್ನೆ ಕೇಳಿ ಸುಮ್ನಿರಿ. ಹೊಸ ಹುಡುಗರು ‘ಹಾಂ ಹಾಂ’ ಅನ್ನುತ್ತಲೇ ಇರುತ್ತಾರೆ, ಆಮೇಲೆ ಅದನ್ನು ಕತ್ತರಿಸುತ್ತಾ ಕೂರಬೇಕು.

ಮಾಡಿದ್ದನ್ನು ಅದೇ ವಾರ ಅದೇ ಊರಲ್ಲಿ ಕೇಳಿಸಿ. ಸ್ವಸಹಾಯ ಸಂಘದ ಸಭೆಯಲ್ಲಿ ಒಂದು ಬ್ಲೂಟೂತ್ ಸ್ಪೀಕರ್ ಇಟ್ಟರೂ ಆಯಿತು. ಕೋಲಾರ ಜಿಲ್ಲೆ ಬೂದಿಕೋಟೆಯ ‘ನಮ್ಮ ಧ್ವನಿ’ಯವರು ಧ್ವನಿವರ್ಧಕದಲ್ಲಿ ಕೇಳಿಸಿ, ಆಮೇಲೆ ಟಿವಿ ಕೇಬಲ್ ಮೂಲಕ ಮನೆಗಳಿಗೆ ಮುಟ್ಟಿಸಿದವರು. ಆಗಿನ್ನೂ ಸಮುದಾಯ ರೇಡಿಯೋ ಸ್ವಯಂಸೇವಾ ಸಂಸ್ಥೆಗಳಿಗೆ ತೆರೆದಿರಲಿಲ್ಲ, ಆ ಅವಕಾಶ ಬಂದಿದ್ದು 2006ರಲ್ಲಿ. ನಿಮ್ಮ ಕೈಯಲ್ಲಿ ಎಲ್‌ಒಐ ಇದೆ. ಸಾಕ್‌ಫಾ (ಟವರ್ ಜಾಗ, ತರಂಗಾಂತರದ ಅನುಮತಿ), ಗೋಪಾ (ಸಚಿವಾಲಯದ ಜೊತೆಗಿನ ಒಪ್ಪಂದ), ಡಬ್ಲ್ಯುಒಎಲ್ (ಪ್ರಸಾರ ಶುರು ಮಾಡುವ ಪರವಾನಗಿ) ಎಲ್ಲ ಮುಗಿಯಲು ಹೇಗೂ ತಿಂಗಳುಗಟ್ಟಲೆ ಬೇಕು. ಆ ಸಮಯವನ್ನು ಬಣ್ಣ ಬಳಿಯಲು ಕಳೆಯಬೇಡಿ.

ಇನ್ನು ಸಾಮಾನಿನ ವಿಷಯ. ಕಂಡೆನ್ಸರ್ ಬೇಡ. ಪಕ್ಕದ ರಸ್ತೆಯ ಬಸ್ಸು, ಫ್ಯಾನು ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಡೈನಾಮಿಕ್ ಮೈಕ್ ತೆಗೆದುಕೊಳ್ಳಿ. ಶ್ಯೂರ್ ಎಸ್‌ಎಂ58 ಹುಡುಗರ ಕೈಯಲ್ಲೂ ಬಾಳುತ್ತದೆ. ಆದರೆ ಡೂಪ್ಲಿಕೇಟ್ ಸಿಕ್ಕಾಪಟ್ಟೆ ಇದೆ, ಅರ್ಧ ಬೆಲೆಗೆ ಸಿಕ್ಕರೆ ಬಿಟ್ಟುಬಿಡಿ. ಏಕಕಾಲಕ್ಕೆ ಮೂವರಿಗಿಂತ ಜಾಸ್ತಿ ಮಾತಾಡುವುದಿಲ್ಲ ಎಂದಮೇಲೆ 16 ಚಾನೆಲ್ ಯಾಕೆ? ಬೆಹ್ರಿಂಜರ್‌ನ ಚಿಕ್ಕದು ಧಾರಾಳ. ಎಡಿಟಿಂಗಿಗೆ ಅಡಾಸಿಟಿ ಸಾಫ್ಟ್‌ವೇರ್ ಸಾಕು, ದುಡ್ಡು ಕೊಡಬೇಕಾಗಿಲ್ಲ. ಫೋಮ್ ರೂಮಿನೊಳಗಿನ ಪ್ರತಿಧ್ವನಿ ತಗ್ಗಿಸುತ್ತದೆ ಅಷ್ಟೇ, ಹೊರಗಿನ ಸದ್ದು ತಡೆಯುವುದಿಲ್ಲ. ದಪ್ಪ ಕಂಬಳಿ ನೇತುಹಾಕಿದರೂ ಕೆಲಸ ನಡೆಯುತ್ತದೆ. ನೀವು ಬರೆದಿದ್ದಕ್ಕೆ ಉತ್ತರವಾಗಿ ಒಬ್ಬರು ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ ಎಂದಿದ್ದಾರೆ, ದಯವಿಟ್ಟು ಬೇಡ. ಸದ್ದೂ ನಿಲ್ಲುವುದಿಲ್ಲ, ಬೆಂಕಿ ಬಿದ್ದರೆ ಕೇಳಲೇಬೇಡಿ.

ಉಳಿದ ದುಡ್ಡು ಅರ್ಥಿಂಗ್‌ಗೆ ಹಾಕಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನಮ್ಮ ಕಡೆ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಟವರಿಗೆ ಮಿಂಚುಬಂಧಕ, ಅದಕ್ಕೆ ಪ್ರತ್ಯೇಕ ಅರ್ಥಿಂಗ್ ಗುಂಡಿ, ಒಳ್ಳೆಯ ಆನ್‌ಲೈನ್ ಯುಪಿಎಸ್. ಆಂಟೆನಾಗೆ ಹೋಗುವ ಕೋಆಕ್ಸ್ ಕೇಬಲ್ಲಿನ ಕನೆಕ್ಟರ್ ಜಾಗದಲ್ಲಿ ನೀರು ಇಳಿಯದಂತೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿಸಿ. ಆಂಟೆನಾ ಜೋಡಿಸದೆ ಟ್ರಾನ್ಸ್‌ಮಿಟರ್ ಆನ್ ಮಾಡಬೇಡಿ, ಸುಟ್ಟು ಹೋಗಬಹುದು. ಪರೀಕ್ಷೆ ಮಾಡಲೇಬೇಕಿದ್ದರೆ ಆಂಟೆನಾ ಬದಲಿಗೆ ಶಕ್ತಿ ಹೀರಿಕೊಳ್ಳುವ ಡಮ್ಮಿ ಲೋಡ್ ಹಾಕಿ. ಡಬ್ಲ್ಯುಒಎಲ್ ಬರುವ ತನಕ ಗಾಳಿಗೆ ಬಿಡುವ ಮಾತೇ ಇಲ್ಲ.

ಇನ್ನೊಂದು, ನಮಗೆ ಬಿಡುವುದು 100 ವ್ಯಾಟ್ ಇಆರ್‌ಪಿ (ಆಂಟೆನಾದಿಂದ ಹೊರಡುವ ಶಕ್ತಿಯ ಲೆಕ್ಕ), 30 ಮೀಟರ್ ಎತ್ತರದವರೆಗಿನ ಆಂಟೆನಾ. ಬಯಲುಸೀಮೆಯವರ ಹಾಗೆ ಹತ್ತು ಹದಿನೈದು ಕಿಲೋಮೀಟರ್ ಲೆಕ್ಕ ಹಾಕಬೇಡಿ. ಗುಡ್ಡದ ಹಿಂದಿನ ಊರಿಗೆ ಎಫ್‌ಎಂ ಹೋಗುವುದಿಲ್ಲ. ಹಾಗಂತ ಆ ಊರನ್ನು ಕೈಬಿಡಬೇಡಿ, ಅಲ್ಲಿಗೆ ವಾಟ್ಸಾಪಿನಲ್ಲಿ ಕಳಿಸಿ. ಮೊಬೈಲಿನಲ್ಲಿ ಎಫ್‌ಎಂ ಇದ್ದರೂ ಹೆಚ್ಚಿನವುಗಳಲ್ಲಿ ಇಯರ್‌ಫೋನ್ ವೈರೇ ಅದಕ್ಕೆ ಆಂಟೆನಾ, ಇದನ್ನು ಪ್ರತಿ ಸಭೆಯಲ್ಲೂ ಹೇಳಿ.

ಸುದ್ದಿ ಬೇಡ, ಆಕಾಶವಾಣಿಯದ್ದನ್ನು ಇದ್ದಂತೆಯೇ ಹಾಕಬಹುದು ಅಷ್ಟೇ. ಆದರೆ ಕರೆಂಟು ಯಾವಾಗ ಹೋಗುತ್ತದೆ, ನೀರು ಯಾವಾಗ ಬಿಡುತ್ತಾರೆ, ಮಳೆ ಹೇಗಿದೆ, ಪರೀಕ್ಷೆ ಫಲಿತಾಂಶ ಯಾವತ್ತು ಎಂಬುದೆಲ್ಲ ಸುದ್ದಿಯ ಲೆಕ್ಕಕ್ಕೆ ಬರುವುದಿಲ್ಲ, ಧಾರಾಳ ಹೇಳಿ. ಜನ ಹೊತ್ತಿಗೆ ಸರಿಯಾಗಿ ರೇಡಿಯೋ ಹಾಕುವುದು ಇದಕ್ಕೇ. ಜಾಹೀರಾತಿಗೆ ಈಗ ಗಂಟೆಗೆ 12 ನಿಮಿಷ ಸಿಗುತ್ತದೆ, ಸರ್ಕಾರಿ ಜಾಹೀರಾತಿಗೆ 2024ರಲ್ಲಿ 10 ಸೆಕೆಂಡಿಗೆ 74 ರೂಪಾಯಿ ದರ ನಿಗದಿಯಾಗಿತ್ತು. ಆದರೆ ಅದನ್ನೇ ನಂಬಿ ಸಂಬಳ ಲೆಕ್ಕ ಹಾಕಬೇಡಿ, ಹಣ ತಡವಾಗಿ ಬರುತ್ತದೆ.

ಪ್ರಸಾರ ಆದದ್ದನ್ನು ಮೂರು ತಿಂಗಳು ಇಟ್ಟುಕೊಳ್ಳಬೇಕು, ಕೇಳಿದರೆ ಕೊಡಬೇಕು. ಫೈಲಿಗೆ ‘ಹೊಸದು ಫೈನಲ್ 2’ ಎಂದು ಹೆಸರಿಡುವ ಚಾಳಿ ಹುಡುಗರಿಗೆ ಮೊದಲ ದಿನವೇ ಬಿಡಿಸಿ. ತಾರೀಖು, ಊರು, ಮಾತಾಡಿದವರ ಹೆಸರು ಇರಲಿ. ಹಾಡಿದವರಿಂದ, ಮಾತಾಡಿದವರಿಂದ ಒಪ್ಪಿಗೆ ಪತ್ರಕ್ಕೆ ಸಹಿ ತೆಗೆದುಕೊಳ್ಳಿ. ಸಹಿ ಬಾರದವರಾದರೆ ರೆಕಾರ್ಡಿಂಗ್ ಶುರುವಿನಲ್ಲೇ ಬಾಯಲ್ಲಿ ಹೇಳಿಸಿ. ನಮ್ಮಲ್ಲಿ ಅರ್ಧ ಪುಟದ ಕನ್ನಡ ನಮೂನೆ ಇದೆ, ಬೇಕಿದ್ದರೆ ಹೇಳಿ, ಇಲ್ಲೇ ಹಾಕುತ್ತೇನೆ.