ಟೆಕ್ಸಾಸ್‌ನಲ್ಲಿ ಕೊಂಡ ರೈಫಲ್ ನ್ಯೂಜೆರ್ಸಿಗೆ ಒಯ್ಯಬಹುದಾ?

ಅಮೆರಿಕದ ಬಂದೂಕು ಕಾನೂನಿನ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಸೆಮಿ ಆಟೋಮ್ಯಾಟಿಕ್ ರೈಫಲ್ ಮತ್ತು ಮ್ಯಾಗಜೀನ್ (ಬಂದೂಕಿಗೆ ಕೂರಿಸುವ, ಗುಂಡು ತುಂಬಿದ ಡಬ್ಬಿ) ಬಗ್ಗೆ ಕೇಳಿದವೇ ಜಾಸ್ತಿ. ಐದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸರ್, ನಾನು ವಿರಾಜಪೇಟೆ ಕಡೆಯವನು. ಮನೆಯಲ್ಲಿ ಕೋವಿ ನೋಡಿಕೊಂಡೇ ಬೆಳೆದವರು ನಾವು. ಈಗ ಡಲ್ಲಾಸ್ ಹತ್ತಿರ ಇದ್ದೇನೆ, ಗ್ರೀನ್ ಕಾರ್ಡ್ ಇದೆ. ಇಲ್ಲಿನ ಅಂಗಡಿಯಲ್ಲಿ ತಪಾಸಣೆ ಎಲ್ಲ ಮುಗಿಸಿ ಕೊಂಡ ಒಂದು ಎಆರ್-15 ರೈಫಲ್ ಇದೆ, 30 ಗುಂಡು ಹಿಡಿಯುವ ಮೂರು ಮ್ಯಾಗಜೀನ್ ಇವೆ. ಕೆಲಸ ಬದಲಾಗಿ ಮುಂದಿನ ತಿಂಗಳು ನ್ಯೂಜೆರ್ಸಿಯ ಎಡಿಸನ್‌ಗೆ ಹೋಗಬೇಕು. ಮನೆ ಸಾಮಾನಿನ ಜೊತೆ ಇವನ್ನೂ ಒಯ್ಯಬಹುದಾ?

ಬೇಡ. ರೈಫಲ್ಲೂ ಬೇಡ, ಮ್ಯಾಗಜೀನೂ ಬೇಡ. ಲಾರಿಗೆ ಸಾಮಾನು ಏರಿಸುವ ಮೊದಲೇ ಟೆಕ್ಸಾಸ್‌ನಲ್ಲಿ ಇದನ್ನು ಬಗೆಹರಿಸಿಕೊಳ್ಳಿ.

ಟೆಕ್ಸಾಸ್‌ನಲ್ಲಿ ಎಆರ್-15ರಂಥ ಸೆಮಿ ಆಟೋಮ್ಯಾಟಿಕ್ ರೈಫಲ್‌ಗೂ ಮ್ಯಾಗಜೀನ್ ಗಾತ್ರಕ್ಕೂ ರಾಜ್ಯದ ಮಿತಿ ಇಲ್ಲ. ನ್ಯೂಜೆರ್ಸಿ 1990ರಲ್ಲೇ ಇವನ್ನು ನಿಷೇಧಿಸಿದೆ. ಆ ಕಾನೂನಿನಲ್ಲಿ ಬಂದೂಕುಗಳ ಹೆಸರಿನ ಒಂದು ಪಟ್ಟಿಯೇ ಇದೆ, ಕೋಲ್ಟ್ ಕಂಪನಿಯ ಎಆರ್-15 ಅದರಲ್ಲಿದೆ. ನಮ್ಮದು ಬೇರೆ ಕಂಪನಿಯದ್ದಲ್ವಾ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಪಟ್ಟಿಯಲ್ಲಿರುವುದಕ್ಕೆ ಬಹುಮಟ್ಟಿಗೆ ಹೋಲುವ ಬಂದೂಕೂ ನಿಷಿದ್ಧವೇ. ಮ್ಯಾಗಜೀನಿಗೆ ಅಲ್ಲಿ ಮೊದಲು 15 ಗುಂಡಿನ ಮಿತಿ ಇತ್ತು. 2018ರಲ್ಲಿ ಅದನ್ನು 10ಕ್ಕೆ ಇಳಿಸಿದರು. ನಿಮ್ಮ ಮೂರೂ ಮ್ಯಾಗಜೀನ್ ಆ ಮಿತಿಯ ಮೂರು ಪಟ್ಟು ದೊಡ್ಡವು.

ಇನ್ನೊಂದು ವಿಷಯ ಗಮನಿಸಿ. ಕೆಲವು ರಾಜ್ಯಗಳು ಮಾರುವುದನ್ನು ಮಾತ್ರ ತಡೆಯುತ್ತವೆ, ಮೊದಲೇ ಇದ್ದದ್ದನ್ನು ಇಟ್ಟುಕೊಳ್ಳಲು ಬಿಡುತ್ತವೆ. ನ್ಯೂಜೆರ್ಸಿ ಹಾಗಲ್ಲ. ಅಲ್ಲಿ ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಮ್ಯಾಗಜೀನಿಗೆ 18 ತಿಂಗಳವರೆಗೆ ಜೈಲು. ರೈಫಲ್‌ಗೆ 5ರಿಂದ 10 ವರ್ಷ. ಗ್ರೀನ್ ಕಾರ್ಡ್ ಇರುವವರಿಗೆ ಇಂಥ ಶಿಕ್ಷೆ ಬಿದ್ದರೆ ವಿಷಯ ಜೈಲಿಗೇ ಮುಗಿಯುವುದಿಲ್ಲ, ದೇಶ ಬಿಡಬೇಕಾದೀತು.

‘ಬೀಗ ಹಾಕಿ ಡಿಕ್ಕಿಯಲ್ಲಿಟ್ಟರೆ ಯಾವ ರಾಜ್ಯ ಬೇಕಾದರೂ ದಾಟಬಹುದು’ ಅಂತ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಅವರು ಹೇಳುವುದು 1986ರ ಕೇಂದ್ರ ಕಾನೂನಿನ ಮಾತು. ಹೊರಡುವ ಊರಿನಲ್ಲೂ ತಲುಪುವ ಊರಿನಲ್ಲೂ ಬಂದೂಕು ಕಾನೂನುಬದ್ಧವಾಗಿದ್ದರೆ ಮಾತ್ರ ಅದು ರಕ್ಷಣೆ ಕೊಡುತ್ತದೆ. ಗುಂಡು ತೆಗೆದಿರಬೇಕು, ಪ್ರಯಾಣದಲ್ಲಿ ಕೈಗೆ ಸಿಗದಂತೆ ಇಟ್ಟಿರಬೇಕು. ನೀವು ತಲುಪುವ ಊರಿನಲ್ಲೇ ಅದು ನಿಷಿದ್ಧ. ಹಾಗಾಗಿ ಈ ರಕ್ಷಣೆ ನಿಮಗೆ ಸಿಗುವುದಿಲ್ಲ.

ಆ ರಕ್ಷಣೆ ಎಷ್ಟು ತೆಳ್ಳಗಿದೆ ಅನ್ನುವುದಕ್ಕೆ ಒಂದು ಪ್ರಕರಣ ಹೇಳುತ್ತೇನೆ. 2005ರಲ್ಲಿ ಯೂಟಾ ರಾಜ್ಯದ ಒಬ್ಬರು ವಿಮಾನದಲ್ಲಿ ಪೆನ್ಸಿಲ್ವೇನಿಯಾಗೆ ಹೊರಟಿದ್ದರು. ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ವಿಮಾನ ಕಂಪನಿಗೆ ತಿಳಿಸಿ, ಸಾಮಾನಿನಲ್ಲಿ ಕಳಿಸಿದ್ದರು. ನ್ಯೂಜೆರ್ಸಿಯ ನ್ಯೂಆರ್ಕ್‌ನಲ್ಲಿ ಮುಂದಿನ ವಿಮಾನ ತಪ್ಪಿತು. ಬ್ಯಾಗ್ ವಾಪಸ್ ಪಡೆದು ರಾತ್ರಿ ಹೋಟೆಲ್‌ನಲ್ಲಿ ಉಳಿದರು. ಬೆಳಿಗ್ಗೆ ಕೌಂಟರ್‌ಗೆ ಹೋಗಿ, ಇದರಲ್ಲಿ ಪಿಸ್ತೂಲಿದೆ ಅಂತ ತಾವಾಗಿಯೇ ಹೇಳಿದರು. ಅಲ್ಲೇ ಬಂಧಿಸಿದರು. ಆಮೇಲೆ ಕೇಸು ಬಿಟ್ಟುಹೋಯಿತು ನಿಜ. ಆದರೆ ಅವರು ಪರಿಹಾರ ಕೇಳಿ ಹೋದಾಗ 2010ರಲ್ಲಿ ಮೇಲ್ಮನವಿ ಕೋರ್ಟ್ ಒಪ್ಪಲಿಲ್ಲ. ಹೋಟೆಲ್‌ನಲ್ಲಿದ್ದ ರಾತ್ರಿ ಬ್ಯಾಗ್ ಅವರ ಕೈಗೆ ಸಿಗುವಂತಿತ್ತು, ಆದ್ದರಿಂದ ರಕ್ಷಣೆ ಇಲ್ಲ ಎಂದಿತು. ಅವರದು ಸಾಮಾನ್ಯ ಪಿಸ್ತೂಲು. ನಿಮ್ಮದು ಪಟ್ಟಿಯಲ್ಲೇ ಇರುವ ರೈಫಲ್.

ಹಾಗಾದರೆ ಏನು ಮಾಡಬೇಕು? ಟೆಕ್ಸಾಸ್‌ನಲ್ಲಿ ಪರವಾನಗಿ ಇರುವ ಅಂಗಡಿಗೆ ಮಾರಿ, ರಸೀದಿ ಇಟ್ಟುಕೊಳ್ಳಿ. ನ್ಯೂಜೆರ್ಸಿಗೆ ಹೋದ ಮೇಲೆ ಬಂದೂಕು ಬೇಕೇ ಬೇಕು ಅನ್ನಿಸಿದರೆ ಅಲ್ಲಿನ ಪೊಲೀಸ್ ಠಾಣೆ ಮೂಲಕ ಖರೀದಿ ಗುರುತಿನ ಚೀಟಿ ಪಡೆಯಿರಿ. ಆಮೇಲೆ ಅಲ್ಲಿನ ಮಿತಿಯೊಳಗಿರುವುದನ್ನು ಕೊಳ್ಳಿ. ಊರಿನ ಕೋವಿಯ ಮಾತೂ ಬರೆದಿದ್ದೀರಿ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಭಾರತದ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿದ್ದಾರೆ. ಅದು ಅಲ್ಲಿಯ ಹಕ್ಕು. ಅಮೆರಿಕದ ಯಾವ ಪೊಲೀಸರ ಮುಂದೆಯೂ ಅದು ನಡೆಯುವುದಿಲ್ಲ.

ಪ್ರಶ್ನೆ: ಮೈಸೂರಿನಲ್ಲಿ ಕಾನೂನು ಓದುತ್ತಿದ್ದೇನೆ. ಅಮೆರಿಕದ ಕೆಲವು ರಾಜ್ಯಗಳು ಬಂದೂಕಿನ ಹಿಡಿ, ಭುಜಕ್ಕೆ ಆನಿಸುವ ಹಿಂಬದಿಯ ಸ್ಟಾಕ್ ಇಂಥವನ್ನು ನೋಡಿ ನಿಷೇಧಿಸುತ್ತವೆ ಅಂತ ಓದಿದೆ. ಗುಂಡು ಹಾರಿಸುವುದು ಹಿಡಿ ಅಲ್ಲವಲ್ಲ? ಇದರ ತರ್ಕ ಏನು?

ಸೆಮಿ ಆಟೋಮ್ಯಾಟಿಕ್ ಅಂದರೆ ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು. ಮುಂದಿನ ಗುಂಡು ತಾನಾಗಿಯೇ ಜಾಗಕ್ಕೆ ಬಂದು ಕೂರುತ್ತದೆ. ಬೇಟೆಗೆ ಬಳಸುವ ಎಷ್ಟೋ ರೈಫಲ್‌ಗಳೂ ಹೀಗೇ ಕೆಲಸ ಮಾಡುತ್ತವೆ. ಟ್ರಿಗರ್ ಒತ್ತಿ ಹಿಡಿದರೆ ಸುರಿಯುತ್ತಲೇ ಇರುವ ಮಷೀನ್‌ಗನ್ ಬೇರೆ, ಅದಕ್ಕೆ 1934ರಿಂದಲೇ ಕೇಂದ್ರದ ಬಿಗಿ ಕಾನೂನಿದೆ. ಹಾಗಾಗಿ ಬೇಟೆಯವರ ಬಂದೂಕು ಬಿಟ್ಟು, ಸೈನ್ಯದ ಮಾದರಿಯದ್ದನ್ನು ಮಾತ್ರ ಹಿಡಿಯುವುದು ಹೇಗೆ ಅನ್ನುವುದೇ ಶಾಸಕರ ತಲೆನೋವು.

ಕ್ಯಾಲಿಫೋರ್ನಿಯಾ ಇದರಲ್ಲಿ ಮೊದಲು ಹೆಜ್ಜೆ ಇಟ್ಟಿತು. 1989ರ ಜನವರಿಯಲ್ಲಿ ಸ್ಟಾಕ್ಟನ್ ಊರಿನ ಪ್ರಾಥಮಿಕ ಶಾಲೆಯಲ್ಲಿ ಒಬ್ಬ ಗುಂಡು ಹಾರಿಸಿ ಐದು ಮಕ್ಕಳನ್ನು ಕೊಂದ. ಅದೇ ವರ್ಷ ಕಾನೂನು ಬಂತು, ಹೆಸರಿನ ಪಟ್ಟಿಯ ಜೊತೆ. ತಯಾರಕರು ಹೆಸರು ಬದಲಿಸಿ ಅದನ್ನೇ ಮಾರಿದರು. ಆಗ ಹೆಸರು ಬಿಟ್ಟು ಲಕ್ಷಣ ನೋಡುವ ನಿಯಮ ಬಂತು, 2000ದಿಂದ ಜಾರಿಯಾಯಿತು. ಮ್ಯಾಗಜೀನ್ ಕಳಚಿ ಹಾಕಬಹುದಾದ ಸೆಂಟರ್‌ಫೈರ್ (ಗುಂಡಿನ ತಳದ ನಡುವಿಗೆ ಬಡಿದು ಸಿಡಿಸುವ) ಸೆಮಿ ಆಟೋಮ್ಯಾಟಿಕ್ ರೈಫಲ್‌ಗೆ ಕೆಳಗೆ ಚಾಚಿದ ಪಿಸ್ತೂಲ್ ಹಿಡಿ, ಮಡಚುವ ಅಥವಾ ಉದ್ದ ಬದಲಿಸುವ ಸ್ಟಾಕ್, ಬೆಂಕಿಯ ಹೊಳಪು ಮರೆಸುವ ಫ್ಲ್ಯಾಶ್ ಸಪ್ರೆಸರ್ ಇಂಥದ್ದರಲ್ಲಿ ಒಂದಿದ್ದರೂ ಅದು ‘ಅಸಾಲ್ಟ್ ವೆಪನ್’, ಅಂದರೆ ನಿಷಿದ್ಧ ಬಂದೂಕು. ಇವು ಬರೀ ಅಲಂಕಾರ ಅಲ್ಲ ಅನ್ನುವುದು ಕಾನೂನಿನ ಪರ ಇರುವವರ ವಾದ. ಹಿಡಿ ಇದ್ದರೆ ಸತತವಾಗಿ ಹಾರಿಸುವಾಗಲೂ ಬಂದೂಕು ಅಲುಗುವುದಿಲ್ಲ, ಸ್ಟಾಕ್ ಮಡಚಿದರೆ ಬಟ್ಟೆಯೊಳಗೆ ಬಚ್ಚಿಡಬಹುದು.

ಆದರೆ ಅಲ್ಲಿನ ಬಂದೂಕು ಅಂಗಡಿಗೆ ಹೋಗಿ ನೋಡಿ. ಹಿಡಿಯ ಹಿಂಬದಿಗೆ ಮೀನಿನ ರೆಕ್ಕೆಯಂಥ ಪ್ಲಾಸ್ಟಿಕ್ ತುಂಡು ಕೂರಿಸಿದ ಎಆರ್-15 ಸಿಗುತ್ತದೆ. ಹೆಬ್ಬೆರಳು ಹಿಡಿಯ ಸುತ್ತ ಬರದಂತೆ ಅದು ತಡೆಯುತ್ತದೆ. ಸ್ಟಾಕ್ ಅಲುಗದಂತೆ ಪಿನ್ ಹೊಡೆದಿರುತ್ತಾರೆ. ಒಳಗಿನ ಯಂತ್ರ ಅದೇ, ಗುಂಡೂ ಅದೇ, ವೇಗವೂ ಅದೇ. ಕಾನೂನಿನ ಪ್ರಕಾರ ಮಾತ್ರ ಅದು ನಿಷಿದ್ಧ ಅಲ್ಲ. ಲಕ್ಷಣದ ಪಟ್ಟಿ ಇರುವ ಕಡೆಯೆಲ್ಲ ಈ ಓಟ ನಡೆದೇ ಇರುತ್ತದೆ.

ನನ್ನನ್ನು ಕೇಳಿದರೆ ಮ್ಯಾಗಜೀನ್ ಮಿತಿಯೇ ಹೆಚ್ಚು ನೇರವಾದ ಕಾನೂನು. ಅದು ಬಂದೂಕು ಹೇಗೆ ಕಾಣುತ್ತದೆ ಅಂತ ಕೇಳುವುದಿಲ್ಲ, ನಿಲ್ಲಿಸದೆ ಎಷ್ಟು ಗುಂಡು ಹೋಗುತ್ತದೆ ಅಂತ ಕೇಳುತ್ತದೆ. 2011ರ ಜನವರಿಯಲ್ಲಿ ಅರಿಜೋನಾದ ಟೂಸಾನ್‌ನಲ್ಲಿ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಜನರನ್ನು ಭೇಟಿ ಮಾಡುತ್ತಿದ್ದಾಗ ಗುಂಡು ಹಾರಿಸಿದವನ ಪಿಸ್ತೂಲಿನಲ್ಲಿ 33 ಗುಂಡಿನ ಮ್ಯಾಗಜೀನ್ ಇತ್ತು. ಆರು ಜನ ಸತ್ತರು. ಅದು ಖಾಲಿಯಾಗಿ ಇನ್ನೊಂದು ಹಾಕುವ ಹೊತ್ತಿಗೆ ಅಲ್ಲಿದ್ದ ಜನರೇ ಅವನ ಮೇಲೆ ಬಿದ್ದು ಹಿಡಿದರು. ಆ ಕೆಲವು ಸೆಕೆಂಡು 33ರ ನಂತರ ಸಿಕ್ಕಿತು. 10ರ ನಂತರ ಸಿಕ್ಕಿದ್ದರೆ ಅನ್ನುವ ಪ್ರಶ್ನೆಯನ್ನು ಬದಿಗೆ ಸರಿಸಲು ನನಗೆ ಆಗುವುದಿಲ್ಲ. ಆತ್ಮರಕ್ಷಣೆಗೆ ಬಂದೂಕು ಇಟ್ಟುಕೊಂಡವರು ಅದೇ ಸೆಕೆಂಡುಗಳು ತಮಗೂ ಅಪಾಯ ಅನ್ನುತ್ತಾರೆ. ಆ ಮಾತನ್ನೂ ಹಗುರವಾಗಿ ನೋಡಬಾರದು.

ಅಂಕಿ ಮಾತ್ರ ಒಂದೊಂದು ಕಡೆ ಒಂದೊಂದು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಮ್ಯಾಸಚೂಸೆಟ್ಸ್, ಕನೆಕ್ಟಿಕಟ್, ವಾಷಿಂಗ್ಟನ್‌ನಲ್ಲಿ 10. ಕೊಲರಾಡೊದಲ್ಲಿ 15, ಡೆಲವೇರ್‌ನಲ್ಲಿ 17. ಇಲಿನಾಯ್ ಮತ್ತು ವರ್ಮಾಂಟ್‌ನಲ್ಲಿ ರೈಫಲ್‌ಗೆ 10, ಪಿಸ್ತೂಲಿಗೆ 15. ಹವಾಯಿಯ 10ರ ಮಿತಿ ಪಿಸ್ತೂಲಿಗೆ ಮಾತ್ರ. ಮೇರಿಲ್ಯಾಂಡ್‌ನಲ್ಲಿ 10ಕ್ಕಿಂತ ದೊಡ್ಡದನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ, ಆದರೆ ಇಟ್ಟುಕೊಂಡಿರುವುದೇ ಅಪರಾಧ ಅಲ್ಲ. ಇಡೀ ದೇಶಕ್ಕೆ ಒಂದೇ ನಿಯಮ ಇದ್ದದ್ದು 1994ರಿಂದ 2004ರವರೆಗೆ ಮಾತ್ರ. ಹತ್ತು ವರ್ಷದ ಅವಧಿ ಮುಗಿದಾಗ ಸಂಸತ್ತು ಅದನ್ನು ಮುಂದುವರಿಸಲಿಲ್ಲ.

ಪ್ರಶ್ನೆ: ಕೊಲರಾಡೊದ ಬೋಲ್ಡರ್‌ನಲ್ಲಿದ್ದೇವೆ, ಮಕ್ಕಳು ಇಲ್ಲೇ ಶಾಲೆಗೆ ಹೋಗುತ್ತಾರೆ. ನಮ್ಮ ನಗರದಲ್ಲಿ ಇಂಥ ಬಂದೂಕು ನಿಷೇಧ ಅನ್ನುತ್ತಾರೆ, ಪಕ್ಕದ ಊರಲ್ಲಿ ಅಂಗಡಿಯಲ್ಲೇ ಸಿಗುತ್ತದೆ ಅನ್ನುತ್ತಾರೆ. ನಗರಸಭೆಗೆ ಇಂಥ ಅಧಿಕಾರ ಇದೆಯಾ?

ರಾಜ್ಯ ಬಿಟ್ಟರೆ ಇದೆ, ಬಿಡದಿದ್ದರೆ ಇಲ್ಲ. ನಿಮ್ಮ ಊರಿನ ಕಥೆಯಲ್ಲೇ ಎರಡೂ ಇವೆ.

ಬೋಲ್ಡರ್ 2018ರಲ್ಲಿ ತನ್ನದೇ ನಿಷೇಧ ತಂದಿತು. ಆಗ ರಾಜ್ಯದ ಕಾನೂನು ಊರುಗಳು ಇಂಥ ನಿಯಮ ಮಾಡುವುದನ್ನು ತಡೆದಿತ್ತು. 2021ರ ಮಾರ್ಚ್ 12ರಂದು ನ್ಯಾಯಾಧೀಶರು ನಗರದ ನಿಷೇಧ ಜಾರಿ ಮಾಡುವಂತಿಲ್ಲ ಎಂದರು. ಹತ್ತು ದಿನಕ್ಕೆ ಅದೇ ಬೋಲ್ಡರ್‌ನ ಕಿಂಗ್ ಸೂಪರ್ಸ್ ದಿನಸಿ ಅಂಗಡಿಯಲ್ಲಿ ಹತ್ತು ಜನರ ಹತ್ಯೆಯಾಯಿತು. ಎರಡನ್ನೂ ಸೇರಿಸಿ ಕಾರಣ-ಪರಿಣಾಮ ಅಂತ ಹೇಳುವವರಿದ್ದಾರೆ. ಅದು ಸರಿಯಲ್ಲ. ಕೊಲೆಗಾರ ಇದ್ದದ್ದು, ಬಂದೂಕು ಕೊಂಡದ್ದು ಅರ್ವಾಡ ಊರಿನಲ್ಲಿ. ಬೋಲ್ಡರ್ ನಿಯಮ ಅಲ್ಲಿಗೆ ತಲುಪುತ್ತಲೇ ಇರಲಿಲ್ಲ. ರಾಜ್ಯದ 15ರ ಮಿತಿ 2013ರಿಂದಲೇ ಇದ್ದರೂ ಅವನ ಬಳಿ ಅದಕ್ಕಿಂತ ದೊಡ್ಡ ಮ್ಯಾಗಜೀನ್‌ಗಳಿದ್ದವು. ಕೊಲೆಗಳ ಜೊತೆಗೆ ಆ ಅಪರಾಧವೂ 2024ರಲ್ಲಿ ಸಾಬೀತಾಯಿತು.

ಅದೇ 2021ರಲ್ಲಿ ರಾಜ್ಯ ತನ್ನ ತಡೆ ತೆಗೆಯಿತು. 2022ರಲ್ಲಿ ಬೋಲ್ಡರ್ ಮತ್ತೆ ನಿಷೇಧ ತಂದಿತು. ಈಗ ಇರುವುದು ಅದೇ.

ಇಲಿನಾಯ್‌ನ ಹೈಲ್ಯಾಂಡ್ ಪಾರ್ಕ್‌ದೂ ಇಂಥದ್ದೇ ಕಥೆ. 2013ರಲ್ಲಿ ಆ ಊರು ನಿಷೇಧ ತಂದಿತು, ಮೇಲ್ಮನವಿ ಕೋರ್ಟ್ ಎತ್ತಿಹಿಡಿಯಿತು. ಆದರೂ 2022ರ ಜುಲೈ 4ರ ಮೆರವಣಿಗೆಯಲ್ಲಿ ಅಲ್ಲಿ ಏಳು ಜನ ಸತ್ತರು. ಆ ರೈಫಲ್ ರಾಜ್ಯದ ಬೇರೆ ಕಡೆ ಕಾನೂನುಬದ್ಧವಾಗಿ ಕೊಂಡದ್ದು. ಒಂದು ಊರಿನ ನಿಷೇಧ ಹೊಲದ ಒಂದೇ ಬದಿಗೆ ಬೇಲಿ ಹಾಕಿದ ಹಾಗೆ. ಇಲಿನಾಯ್ ಆರು ತಿಂಗಳಲ್ಲಿ, 2023ರ ಜನವರಿಯಲ್ಲಿ, ಇಡೀ ರಾಜ್ಯಕ್ಕೆ ಕಾನೂನು ಮಾಡಿತು. ಕೊಲರಾಡೊ ಪೂರ್ತಿ ನಿಷೇಧದ ದಾರಿ ಹಿಡಿದಿಲ್ಲ. 2025ರಲ್ಲಿ ಸಹಿಯಾದ ಕಾನೂನಿನ ಪ್ರಕಾರ 2026ರ ಆಗಸ್ಟ್‌ನಿಂದ, ಮ್ಯಾಗಜೀನ್ ಕಳಚುವ ಹೆಚ್ಚಿನ ಸೆಮಿ ಆಟೋಮ್ಯಾಟಿಕ್ ರೈಫಲ್ ಕೊಳ್ಳಲು ಮೊದಲು ತರಬೇತಿ, ಅರ್ಹತೆಯ ಚೀಟಿ ಬೇಕು. ಇದು ಪಕ್ಕದ ಊರಿಗೂ ಅನ್ವಯಿಸುತ್ತದೆ. ತಾಯಿಯಾಗಿ ನೀವು ಗಮನ ಇಡಬೇಕಾದದ್ದು ನಗರಸಭೆಗಿಂತ ರಾಜಧಾನಿ ಡೆನ್ವರ್‌ನ ಶಾಸನಸಭೆಯ ಮೇಲೆ.

ಬೇರೆ ಕಡೆ? ಪೆನ್ಸಿಲ್ವೇನಿಯಾದಲ್ಲಿ ಊರುಗಳಿಗೆ ಅಧಿಕಾರ ಇಲ್ಲ, ಪಿಟ್ಸ್‌ಬರ್ಗ್ 2019ರಲ್ಲಿ ಮಾಡಿದ ನಿಯಮಗಳನ್ನು ಕೋರ್ಟ್ ತೆಗೆದುಹಾಕಿತು. ಫ್ಲೋರಿಡಾದಲ್ಲಿ ಇಂಥ ನಿಯಮ ಮಾಡಿದ ಸ್ಥಳೀಯ ಅಧಿಕಾರಿಗೇ 5,000 ಡಾಲರ್‌ವರೆಗೆ ದಂಡ ಹಾಕಬಹುದು. ನ್ಯೂಯಾರ್ಕ್‌ನಲ್ಲಿ ತಿರುಗುಮುರುಗು: ರಾಜ್ಯದ ಮಿತಿ 10, ನಗರದೊಳಗೆ ರೈಫಲ್ ಮ್ಯಾಗಜೀನಿಗೆ 5, ರೈಫಲ್ ಇಟ್ಟುಕೊಳ್ಳಲು ನಗರದ ಪರ್ಮಿಟ್ ಬೇರೆ.

ಪ್ರಶ್ನೆ: ಸುಪ್ರೀಂ ಕೋರ್ಟ್ ರಾಜ್ಯಗಳ ಈ ನಿಷೇಧಗಳನ್ನೆಲ್ಲ ರದ್ದು ಮಾಡುತ್ತದೆ ಅಂತ ಗೆಳೆಯರು ಹೇಳುತ್ತಾರೆ. ಹೌದಾ?

2022ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಬಂದೂಕು ಕಾನೂನು ದೇಶದ ಚಾರಿತ್ರಿಕ ಪರಂಪರೆಗೆ ಹೊಂದಬೇಕು ಎಂದಿತು. ಆಮೇಲೆ ಕೇಸುಗಳ ಸಾಲೇ ಬಂತು. ಆದರೆ 2025ರ ಜೂನ್‌ನಲ್ಲಿ ಮೇರಿಲ್ಯಾಂಡ್ ನಿಷೇಧದ ವಿರುದ್ಧದ ಮನವಿಯನ್ನು ಅದು ಕೈಗೆತ್ತಿಕೊಳ್ಳಲಿಲ್ಲ. ಮೂವರು ನ್ಯಾಯಮೂರ್ತಿಗಳು ತೆಗೆದುಕೊಳ್ಳಬೇಕಿತ್ತು ಎಂದರು. ನ್ಯಾಯಮೂರ್ತಿ ಕ್ಯಾವನಾ, ಎಆರ್-15 ಪ್ರಶ್ನೆಯನ್ನು ಕೋರ್ಟ್ ಬೇಗ ನೋಡಬೇಕು ಅಂತ ಬರೆದರು. ಅಲ್ಲಿಯವರೆಗೆ ಕೆಳ ಕೋರ್ಟಿನ ಸುದ್ದಿ ನೋಡಿ ಅಂಗಡಿಗೆ ಓಡಬೇಡಿ. ಇಲಿನಾಯ್ ಕಾನೂನನ್ನು 2024ರ ನವೆಂಬರ್‌ನಲ್ಲಿ ಒಬ್ಬ ನ್ಯಾಯಾಧೀಶರು ರದ್ದು ಮಾಡಿದರು. ಮೇಲಿನ ಕೋರ್ಟ್ ತಡೆ ಕೊಟ್ಟಿತು, ಕಾನೂನು ಜಾರಿಯಲ್ಲೇ ಉಳಿಯಿತು.

ಪ್ರಶ್ನೆ: ನನ್ನ ಗಂಡ ಎಚ್-1ಬಿ ವೀಸಾದಲ್ಲಿ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಕೆಲಸ ಮಾಡುತ್ತಾರೆ. ಆಫೀಸಿನವರು ಶೂಟಿಂಗ್ ರೇಂಜಿಗೆ ಕರೆಯುತ್ತಿದ್ದಾರೆ. ಅಲ್ಲೇ ಬಾಡಿಗೆಗೆ ಬಂದೂಕು ಕೊಡ್ತಾರಂತೆ. ಸುಮ್ನೆ ಒಂದು ದಿನ ಹೋಗಿ ಬಂದರೆ ತೊಂದರೆ ಇಲ್ಲ ಅಲ್ವಾ?

ತೊಂದರೆ ಇದೆ. ಹೋಗಿ ನೋಡಿ ಬರಲಿ, ಬಂದೂಕು ಮುಟ್ಟುವುದು ಬೇಡ.

ವಲಸೆಯೇತರ, ಅಂದರೆ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ ಅನ್ನುವುದು ಕೇಂದ್ರದ ಕಾನೂನು. ಎಚ್-1ಬಿ, ಎಚ್-4, ಎಲ್-1, ಎಫ್-1 ಎಲ್ಲಕ್ಕೂ ಇದೇ. ರೇಂಜಿನಲ್ಲಿ ಬಾಡಿಗೆ ಬಂದೂಕನ್ನು ಕೈಯಲ್ಲಿ ಹಿಡಿದರೂ ಅದನ್ನು ಹೊಂದಿದ ಹಾಗೆಯೇ ಲೆಕ್ಕ. ಶಿಕ್ಷೆ 15 ವರ್ಷದವರೆಗೆ, ವೀಸಾ ಹೋಗುವುದು ಬೇರೆ. ಗಡಿಬಿಡಿಯಲ್ಲಿ ಅಂಗಡಿಯವರು ಕೇಳದೆಯೇ ಕೊಟ್ಟರೂ ಹೊಣೆ ನಿಮ್ಮ ಯಜಮಾನರದ್ದೇ.

ಒಂದು ವಿನಾಯಿತಿ ಇದೆ. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಆ ದಿನಕ್ಕೆ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಈ ನಿಷೇಧ ಅನ್ವಯಿಸುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮೊದಲ ಸಲ ಅದನ್ನು ಪಡೆಯುವವರು ಬೇಟೆಗಾರರ ಸುರಕ್ಷತೆಯ ಕೋರ್ಸ್ ಮುಗಿಸಬೇಕು. ಅದಾದ ಮೇಲೂ ರಾಜ್ಯದ ರೈಫಲ್ ನಿಯಮ, 10 ಗುಂಡಿನ ಮಿತಿ ಎರಡೂ ಅವರಿಗೆ ಹಾಗೇ ಅನ್ವಯಿಸುತ್ತವೆ. ಆ ಲೈಸೆನ್ಸ್ ಕೈಗೆ ಬರುವವರೆಗೆ ಆಫೀಸಿನವರಿಗೆ ‘ವೀಸಾ ಕಾರಣಕ್ಕೆ ಆಗಲ್ಲ’ ಅಂತ ನೇರವಾಗಿ ಹೇಳಲಿ.