ಬ್ರೋಕರ್‌ನ ಬೈಯುವ ಮೊದಲು ಚೆಕ್ಕುಬಂದಿ ಓದಿ

ಆಸ್ತಿ ಕಾಗದ ನೋಡುವ ವಕೀಲಿಕೆಯಲ್ಲಿ 22 ವರ್ಷ ಕಳೆದಿದ್ದೇನೆ. ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಹೋದ ತಿಂಗಳೂ ಅದೇ. ಈ ಸಲ ಅದನ್ನೇ ಮುಗಿಸಿಬಿಡೋಣ, ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾಗರಬಾವಿಯಲ್ಲಿ 30-40 ಸೈಟಿನಲ್ಲಿ ನಮ್ಮ ಮನೆ ಇದೆ. ಮಾರಿಸಿಕೊಡಲು ಬ್ರೋಕರ್ 2 ಪರ್ಸೆಂಟ್ ಕೇಳುತ್ತಿದ್ದಾರೆ. ಮನೆ ನಮ್ಮದು, ಅವರಿಗೆ ಯಾಕೆ ಲಕ್ಷಗಟ್ಟಲೆ ಕೊಡಬೇಕು? ನಾವೇ ಮಾರಬಾರದಾ?

ಮಾರಿ, ಯಾರು ಬೇಡ ಅಂದರು? ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಬ್ರೋಕರ್ ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ಎರಡು ಕೋಟಿಗೆ ಹೋದರೆ 2 ಪರ್ಸೆಂಟ್ ಅಂದರೆ 4 ಲಕ್ಷ. ಹೊಟ್ಟೆ ಉರಿಯುತ್ತೆ, ಗೊತ್ತು. ಚೌಕಾಸಿ ಮಾಡಿದರೆ 1ಕ್ಕೂ ಇಳಿಯುತ್ತಾರೆ. ಆದರೆ ಆ 4 ಲಕ್ಷ ಉಳಿಸಲು ಹೊರಟವರಲ್ಲಿ ಹೆಚ್ಚಿನವರು ನನ್ನ ಹತ್ತಿರ ಬರುವುದು ಕೆಲಸ ಕೆಟ್ಟ ಮೇಲೆ.

ಒಬ್ಬ ನಿವೃತ್ತ ಮೇಷ್ಟ್ರು, ಹೆಸರು ಬೇಡ. ಗೇಟಿಗೆ ಬೋರ್ಡ್ ಹಾಕಿದರು: 'ಮನೆ ಮಾರಾಟಕ್ಕಿದೆ, ಬ್ರೋಕರ್‌ಗಳು ಫೋನ್ ಮಾಡಬೇಡಿ'. ಮೊದಲ ವಾರ ಬಂದ ಫೋನೆಲ್ಲ ಬ್ರೋಕರ್‌ಗಳದ್ದೇ. ಆಮೇಲೆ ಒಂದು ಒಳ್ಳೆ ಪಾರ್ಟಿ ಬಂತು, ಕಾಫಿ ಆಯಿತು, ಐದು ಲಕ್ಷದ ಚೆಕ್ ಕೊಟ್ಟರು. ಮೇಷ್ಟ್ರು ಮೊಮ್ಮಗಳ ನೋಟ್‌ಬುಕ್ಕಿನ ಹಾಳೆ ಹರಿದು, ಮುದ್ದಾದ ಅಕ್ಷರದಲ್ಲಿ, 'ಐದು ಲಕ್ಷ ಮುಂಗಡ ಪಡೆದಿರುತ್ತೇನೆ, ಬಾಕಿ ಲೋನ್ ಬಂದ ಮೇಲೆ' ಅಂತ ಬರೆದು ಸಹಿ ಹಾಕಿಕೊಟ್ಟರು. ಲೋನ್ ಯಾವಾಗ ಬರಬೇಕು? ಬರದೇ ಹೋದರೆ ಏನು? ಒಂದಕ್ಷರ ಇಲ್ಲ.

ಬ್ಯಾಂಕಿನ ವಕೀಲರು ಕಾಗದ ತೆಗೆದರು. ಕ್ರಯಪತ್ರದ ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿಗೂ ಏನಿದೆ ಅಂತ ಬರೆದ ಭಾಗದಲ್ಲಿ, ಪಶ್ಚಿಮಕ್ಕೆ ಪಕ್ಕದ ಸೈಟ್ ನಂಬರ್, ಪಾಲಿಕೆ ದಾಖಲೆಯಾದ ಇ-ಖಾತಾದಲ್ಲಿ ಪಶ್ಚಿಮಕ್ಕೆ ರಸ್ತೆ. ಲೋನ್ ನಿಂತಿತು. ತಪ್ಪು ಇದ್ದದ್ದು ಕ್ರಯಪತ್ರದಲ್ಲಿ. ತಿದ್ದುಪಡಿ ಪತ್ರ ಮಾಡಿಸೋಣ ಅಂದರೆ ಹಿಂದೆ ಇವರಿಗೆ ಮಾರಿದವರು ತೀರಿಕೊಂಡಿದ್ದರು, ಅವರ ಮೂರು ಮಕ್ಕಳು ಮೂರು ಊರಲ್ಲಿ, ಒಬ್ಬೊಬ್ಬರನ್ನೂ ಹುಡುಕಿ ಕಾಡಿ ಬೇಡಿ ಕರೆಸುವಷ್ಟರಲ್ಲಿ ನಾಲ್ಕು ತಿಂಗಳು. ಈ ನಡುವೆ ಇನ್ನೊಂದು ಪಾರ್ಟಿ ಹತ್ತು ಲಕ್ಷ ಜಾಸ್ತಿಗೆ ರೆಡಿ. ಮೊದಲನೆಯವರು ಬಿಡಲಿಲ್ಲ, ಅದೇ ನೋಟ್‌ಬುಕ್ ಹಾಳೆ ಇಟ್ಟುಕೊಂಡು ವಕೀಲರ ನೋಟಿಸ್ ಕಳಿಸಿದರು.

ಬ್ರೋಕರ್ ಇದ್ದಿದ್ದರೆ ತಪ್ಪುತ್ತಿತ್ತಾ? ಖಂಡಿತ ಇಲ್ಲ. ಚೆಕ್ಕುಬಂದಿ ಓದುವ ಬ್ರೋಕರ್‌ನ ನಾನಿನ್ನೂ ನೋಡಿಲ್ಲ. ಪಾರ್ಟಿ ಕರೆತರುವುದು, ಮನೆ ತೋರಿಸುವುದು, ನಿಮಗೆ ಮುಜುಗರ ಆಗುವ ಚೌಕಾಸಿಯನ್ನ ನಗುತ್ತಾ ಮಾಡುವುದು, ಇಷ್ಟೇ ಅವರ ಕೆಲಸ. ಅದಕ್ಕೆ ದುಡ್ಡು ಕೊಡಿ, ರಿಜಿಸ್ಟ್ರೇಷನ್ ದಿನ ಕೊಡಿ, ಮೊದಲಲ್ಲ. ಕಾಗದದ ಕೆಲಸ ಬ್ರೋಕರ್ ಇದ್ದರೂ ಇಲ್ಲದಿದ್ದರೂ ನಿಮ್ಮದೇ. ಬೋರ್ಡ್ ಬರೆಸುವ ಮೊದಲೇ ಇಸಿ (ಆಸ್ತಿಯ ಮೇಲೆ ಯಾವ ಮಾರಾಟ, ಸಾಲ ರಿಜಿಸ್ಟರ್ ಆಗಿದೆ ಅಂತ ತೋರಿಸುವ ಪತ್ರ) ತೆಗೆಸಿ, ಕ್ರಯಪತ್ರ, ಖಾತಾ, ಆಧಾರ್ ಮೂರರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ಮನೆ ತಂದೆಯವರದಾಗಿದ್ದು ವಿಲ್ ಇಲ್ಲದಿದ್ದರೆ ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿಯೂ ಬೇಕು. ಅವರು ಬಾಯಿಮಾತಲ್ಲಿ 'ನಮಗೇನೂ ಬೇಡ' ಅಂದಿರುವುದು ರಿಜಿಸ್ಟ್ರಾರ್‌ಗೆ ಕೇಳಿಸುವುದಿಲ್ಲ.

ಇನ್ನು ಬ್ರೋಕರ್‌ಗಳ ಎರಡು ಆಟ. ಒಂದು, 'ನಿಮಗೆ ಎರಡು ಕೋಟಿ ಬಂದರೆ ಸಾಕಲ್ವಾ ಸಾರ್, ಮೇಲಿನದು ನಂದು, ಕಮಿಷನ್ನೇ ಬೇಡ.' ಕೇಳಲು ಚೆನ್ನಾಗಿದೆ. ಮೇಲಿನದು ಹದಿನೈದು ಲಕ್ಷ ಅಂದುಕೊಳ್ಳಿ, ಅದು ಪಾರ್ಟಿ ಕೈಯಿಂದ ಬ್ರೋಕರ್‌ಗೆ ನಗದಾಗಿ ಹೋಗುತ್ತೆ, ಪತ್ರಕ್ಕೆ ಸಹಿ ಹಾಕಿದವರು ನೀವು, ನಾಳೆ ಇನ್‌ಕಮ್ ಟ್ಯಾಕ್ಸಿನವರು ಕೇಳುವುದೂ ನಿಮ್ಮನ್ನೇ. ಎರಡನೆಯದು ಇನ್ನೂ ಅಪಾಯ. ಎರಡು ಲಕ್ಷ ಅಡ್ವಾನ್ಸ್ ಕೊಟ್ಟು ತನ್ನ ಹೆಸರಿಗೇ ಆರು ತಿಂಗಳ ಅಗ್ರಿಮೆಂಟ್ ಹಾಕಿಸಿಕೊಳ್ಳುತ್ತಾನೆ. ಅದರಲ್ಲಿ 'ಖರೀದಿದಾರರು ಅಥವಾ ಅವರು ಸೂಚಿಸಿದವರ ಹೆಸರಿಗೆ' ಅಂತ ಒಂದು ಸಾಲು ಇರುತ್ತೆ. ಆ ಸಾಲು ಕಂಡರೆ ಪೆನ್ನು ಕೆಳಗಿಡಿ. ಅಗ್ರಿಮೆಂಟ್ ಜಾರಿ ಮಾಡಿಸಲು ಕೋರ್ಟಿಗೆ ಹೋಗಲು ಅವನಿಗೆ ಮೂರು ವರ್ಷ ಅವಕಾಶ ಇದೆ, ಅಷ್ಟೂ ದಿನ ನಿಮ್ಮ ಮನೆಗೆ ಇನ್ನೊಬ್ಬರು ಕೈ ಹಾಕಲು ಹೆದರುತ್ತಾರೆ.

ನನ್ನನ್ನು ಕೇಳಿದರೆ, ಊರಲ್ಲೇ ಇದ್ದು ಪುರುಸೊತ್ತಿರುವವರು ಎರಡು ತಿಂಗಳು ನೀವೇ ಪ್ರಯತ್ನಿಸಿ. ಆಗದಿದ್ದರೆ ಬ್ರೋಕರ್. ಒರಿಜಿನಲ್ ಮಾತ್ರ ಯಾರ ಕೈಗೂ ಬೇಡ, ಜೆರಾಕ್ಸ್ ಮೇಲೂ 'ನೋಡಲು ಮಾತ್ರ' ಅಂತ ಅಡ್ಡ ಬರೆದು ಕೊಡಿ. ಇದು ನನ್ನ ಚಾಳಿ, ನನ್ನ ಹೆಂಡತಿಯೇ ನಗುತ್ತಾಳೆ.

ಪ್ರಶ್ನೆ: ಓಡಾಟ ತಪ್ಪುತ್ತೆ, ಜಿಪಿಎ (ನಮ್ಮ ಪರವಾಗಿ ಸಹಿ ಹಾಕುವ ಅಧಿಕಾರಪತ್ರ) ಮಾಡಿಕೊಡಿ ಅಂತಾರೆ ಬ್ರೋಕರ್.

ಬೇಡ.

ಪ್ರಶ್ನೆ: ಮಗ ಅಮೆರಿಕದಲ್ಲಿದ್ದಾನೆ, ಮನೆ ಅವನ ಹೆಸರಲ್ಲಿದೆ. ಕೊಳ್ಳುವವರು ಕೊಡುವ ಹಣದಲ್ಲಿ 1 ಪರ್ಸೆಂಟ್ ತೆರಿಗೆ (ಟಿಡಿಎಸ್) ಹಿಡಿದರೆ ಸಾಕಾ?

ಸಾಲದು. ಅದು ಇಲ್ಲಿನ ನಿವಾಸಿಗಳು 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿಗೆ ಮಾರಿದಾಗ. ಎನ್‌ಆರ್‌ಐಗೆ ಇನ್ನೂ ಜಾಸ್ತಿ ಹಿಡಿಯಬೇಕು. ಆಡಿಟರ್‌ನ ಕೇಳಿ, ಬ್ರೋಕರ್‌ನ ಅಲ್ಲ.

ಪ್ರಶ್ನೆ: ಈಶಾನ್ಯದಲ್ಲಿ ಟಾಯ್ಲೆಟ್ ಇರುವುದಕ್ಕೇ ಮನೆ ಹೋಗುತ್ತಿಲ್ಲ, 85 ಸಾವಿರದಲ್ಲಿ ಸರಿಮಾಡಿಸಿ ಎಂದು ವಾಸ್ತುವಿನವರು ಹೇಳುತ್ತಿದ್ದಾರೆ.

ನೀವು ಕೇಳುತ್ತಿರುವ ರೇಟಿಗೆ ಹೋಗುತ್ತಿಲ್ಲ, ಅಷ್ಟೇ. ಕೊಳ್ಳುವವರು ವಾಸ್ತು ನೋಡುವುದು ನಿಜ, ಆದರೆ ಅವರು ತಮ್ಮವನನ್ನೇ ಕರೆತರುತ್ತಾರೆ, ಅವನು ಇನ್ನೊಂದು ಮೂಲೆ ತೋರಿಸುತ್ತಾನೆ. ಸಮಾಧಾನ ಬೇಕಾದರೆ, ಮನೆ-ಜಾಗದ ವಿಷಯಕ್ಕೆ ಜನ ಹರಕೆ ಹೊರುವ ಕೆ.ಆರ್. ಪೇಟೆ ತಾಲ್ಲೂಕಿನ ಕಲ್ಲಹಳ್ಳಿ ಭೂವರಾಹಸ್ವಾಮಿಗೆ ಕೈಮುಗಿದು ಬನ್ನಿ. ಬಸ್ ಚಾರ್ಜಿನಲ್ಲಿ ಮುಗಿಯುತ್ತೆ.

ಪ್ರಶ್ನೆ: ಬ್ರೋಕರ್ ನಮ್ಮ ಭಾವನ ಸ್ನೇಹಿತರು. ಕಮಿಷನ್ ಕಡಿಮೆ ಮಾಡಿ ಅಂತ ಹೇಗೆ ಹೇಳುವುದು?

ಬಾಯಿಬಿಟ್ಟು.