‘ಫಿಫ್ಟಿ ಶೇಡ್ಸ್’ ಕಾದಂಬರಿ ಹುಟ್ಟಿದ್ದು ‘ಟ್ವೈಲೈಟ್’ ಕಾದಂಬರಿಯ ಅಭಿಮಾನಿ ಕಥೆಯಾಗಿ (ಅದರ ಪಾತ್ರಗಳನ್ನೇ ಇಟ್ಟುಕೊಂಡು ಓದುಗರು ಬರೆಯುವ ಕಥೆ) ಅಂತಾರೆ. ಹಾಗಾದರೆ ಎರಡೂ ಒಂದೇನಾ?

ಹುಟ್ಟಿದ್ದು ನಿಜ, ಆದರೆ ಒಂದೇ ಅಲ್ಲ. ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ 2005ರಲ್ಲಿ ಬಂತು. ಅದರ ರಕ್ತಪಿಶಾಚಿ ನಾಯಕ ಎಡ್ವರ್ಡ್, ನಾಯಕಿ ಬೆಲ್ಲಾ ಹೆಸರಲ್ಲೇ ಇ. ಎಲ್. ಜೇಮ್ಸ್ ಆನ್‌ಲೈನಿನಲ್ಲಿ ಕಥೆ ಬರೆದರು. ಆಮೇಲೆ ಹೆಸರು ಬದಲಿಸಿ 2011ರಲ್ಲಿ ಪುಸ್ತಕ ಮಾಡಿದರು. ರಕ್ತಪಿಶಾಚಿ ಹೋಗಿ ಕೋಟ್ಯಧಿಪತಿ ಬಂದ.

ನಾನು ಎರಡನ್ನೂ ಓದಿದ್ದು ಚಿಕ್ಕಮಗಳೂರಿನ ಮಳೆಗಾಲದಲ್ಲಿ. ‘ಟ್ವೈಲೈಟ್’ ನಡೆಯುವ ಫೋರ್ಕ್ಸ್ ಊರಿನ ಮುಗಿಯದ ಮಳೆ, ಹಸಿ ಕಾಡು ನಮ್ಮ ಮಲೆನಾಡಿನದೇ ಅನ್ನಿಸಿತ್ತು. ಅಲ್ಲಿ ಎಡ್ವರ್ಡ್ ತನ್ನನ್ನು ತಾನೇ ತಡೆದುಕೊಳ್ಳುತ್ತಾನೆ. ಹತ್ತಿರ ಬಂದರೆ ಬೆಲ್ಲಾಳ ಜೀವಕ್ಕೇ ಅಪಾಯ, ಅಲ್ವಾ? ಆ ತಡೆಯೇ ಕಥೆಯನ್ನು ಓದಿಸಿಕೊಂಡು ಹೋಗುತ್ತದೆ. ಜೇಮ್ಸ್ ಅದನ್ನೇ ತೆಗೆದು ಇಬ್ಬರ ಸಂಬಂಧಕ್ಕೆ ಒಪ್ಪಂದದ ಕಾಗದ ಇಟ್ಟರು. ಲೈಂಗಿಕ ವಿವರ ಜಾಸ್ತಿ, ದೊಡ್ಡವರಿಗಷ್ಟೇ.

ನಾಯಕಿ ಎಲ್ಲಿದ್ದಾಳೆ ಅಂತ ಬೆನ್ನು ಬೀಳುವ ಗುಣ ಮಾತ್ರ ಇಬ್ಬರು ನಾಯಕರಲ್ಲೂ ಇದೆ. ಅದನ್ನು ಪ್ರೀತಿ ಅಂತ ಒಪ್ಪಲು ನನಗೆ ಆಗಲಿಲ್ಲ.